‘ಬರೆ’ ಅಂದಳು ಆಯಿ

ಹಳಿಯಾಳ
೪ ನವೆಂಬರ್ ೨೦೨೪

ಸ್ವಪ್ನಾ,

ಬಂತು ಕಣೆ. ಧಾರವಾಡದಿಂದ ಪುಸ್ತಕದ ಕಟ್ಟು ನಮ್ಮ ಬಸ್ಸಿನಲ್ಲೇ ಬಂತು, ನಾನೇ ಇಳಿಸಿಕೊಂಡೆ. ಗಂಟು ಬಿಚ್ಚುವಷ್ಟು ತಾಳ್ಮೆ ಯಾರಿಗಿದೆ, ದಾರವನ್ನು ಹಲ್ಲಿನಿಂದಲೇ ಕಡಿದೆ. ‘ಕೊನೆಯ ಲಾರಿ’, ಕಾದಂಬರಿ, ಕೆಳಗೆ ನನ್ನ ಹೆಸರು. ಡಿಪೋದಲ್ಲಿದ್ದವರೆಲ್ಲ ಸುತ್ತ ನೆರೆದರು. ಜೊತೆಯ ಕಂಡಕ್ಟರ್ ಗೂಳಪ್ಪ ಹಿಂಬದಿಯ ಫೋಟೋ ನೋಡಿ, “ಅಕ್ಕಾರ, ಚಿಲ್ಲರಿ ಕೊಡ್ರಿ ಅಂತ ಕೇಳೂ ಮುಂದ ತಗದಂಗ ಐತಿ ನೋಡ್ರಿ ಮಾರಿ” ಅಂದ. ತೆಗೆದವಳು ನೀನು, ಬೈಸಿಕೊಂಡವಳು ನಾನು.

ಅವ್ವ ಪುಸ್ತಕಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು. ಆಮೇಲೆ ಅದನ್ನು ಕೈಯಲ್ಲಿ ತೂಗಿ ನೋಡಿ, “ಇಷ್ಟೆಲ್ಲಾ ಯಾವಾಗ ಬರದಿ? ನೀ ಡ್ಯೂಟಿಗೆ ಹೊಕ್ಕೀ ಅಂತ ತಿಳಕೊಂಡಿದ್ದೆ ನಾ” ಅಂದಳು. ಮುಂಡಗೋಡ ಕಡೆಯ ಇಂದೂರ ಹಳ್ಳಿಯ ತಾಯವ್ವನ ಮಗಳು ಟಿಕೆಟ್ ಹರಿಯುತ್ತ ಹರಿಯುತ್ತ ಕಾದಂಬರಿ ಬರೆದಳೆಂದರೆ ನನಗೇ ಇನ್ನೂ ನಂಬಿಕೆ ಬಂದಿಲ್ಲ.

ಇನ್ನೊಂದು ಸುದ್ದಿ. ದಾಂಡೇಲಿಯಲ್ಲಿ ಓದುಗರ ಬಳಗ ನಡೆಸುವ ರುದ್ರೇಶ ಸರ್ ಜನವರಿ ಹನ್ನೆರಡರ ಭಾನುವಾರ ಈ ಪುಸ್ತಕದ ಬಗ್ಗೆ ಮಾತುಕತೆ ಇಟ್ಟುಕೊಂಡಿದ್ದಾರೆ. ಭಾಷಣ ಇಲ್ಲ, ಹಾರ ಇಲ್ಲ. ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಪ್ರಶ್ನೆ ಕೇಳುವವರು. “ಯಾರ ಕೇಳಬೇಕ್ರಿ ನಿಮ್ಮನ್ನ?” ಅಂದರು. ನಾನು ಉಸಿರು ಬಿಡದೆ ಹೇಳಿದೆ, “ಜೊಯಿಡಾ ಹೈಸ್ಕೂಲಿನ ಕನ್ನಡ ಟೀಚರು ಸ್ವಪ್ನಾ.” ನಿನ್ನನ್ನು ಕೇಳದೆ ಹೇಳಿದೆ, ಬೈಯುವುದಿದ್ದರೆ ವೇದಿಕೆಯ ಮೇಲೆ ಬೈಯಿ.

ಅಚ್ಚಾಗುವವರೆಗೆ ಒಂದು ಹಾಳೆಯನ್ನೂ ತೋರಿಸದೆ ನಿನ್ನನ್ನು ಸತಾಯಿಸಿದ್ದು ಯಾಕೆಂದು ಅರ್ಪಣೆಯ ಪುಟ ನೋಡಿದರೆ ತಿಳಿಯುತ್ತದೆ. “‘ಬರೆ’ ಎಂದ ಗಿರಿಜಾಬಾಯಿ ಆಯಿಗೆ.” ಹೌದು, ನಿನ್ನ ತಾಯಿ, ನಿಮ್ಮ ಆಯಿಯೇ. ನಾನು ಜೊಯಿಡಾ ರೂಟಿನಲ್ಲಿದ್ದಷ್ಟು ವರ್ಷ, ಮಧ್ಯಾಹ್ನ ಬಸ್ಸು ನಿಂತಾಗಲೆಲ್ಲ ನಿಮ್ಮ ಖಾನಾವಳಿಯ ಮೂಲೆಯ ಬೆಂಚು ನನ್ನದಾಗಿತ್ತು. ನೀನು ಶಾಲೆಯಲ್ಲಿರುತ್ತಿದ್ದೆ. ನಾನು ಉಣ್ಣುತ್ತಿದ್ದೆ, ಆಯಿ ಮಾತಾಡುತ್ತಿದ್ದಳು. ಮುಂಡಗೋಡ ರೂಟಿಗೆ ಹಾಕಿದ ಮೇಲೆ ಆ ಊಟವೂ ತಪ್ಪಿತು, ಮಾತೂ ತಪ್ಪಿತು.

ಜೊಯಿಡಾ ಬಸ್ಸಿನ ಡ್ರೈವರ್ ಬಸಲಿಂಗಯ್ಯನ ಕೈಯಲ್ಲಿ ಎರಡು ಪ್ರತಿ ಕಳಿಸಿದ್ದೇನೆ, ನಿನಗೊಂದು, ಆಯಿಗೊಂದು. ಉತ್ತರವನ್ನೂ ಅವನ ಕೈಯಲ್ಲೇ ಕಳಿಸು. ಫೋನು ಬೇಡ. ನಿಮ್ಮೂರಿನ ನೆಟ್‌ವರ್ಕು ಅರ್ಧ ಮಾತು ನುಂಗುತ್ತದೆ, ನನಗೆ ನಿನ್ನ ಪೂರ್ತಿ ಮಾತು ಬೇಕು.

ನೆಲದ ಮೇಲೆ ಕಾಲಿಲ್ಲದ,
ಸುನಂದಾ


ಜೊಯಿಡಾ
೨೧ ನವೆಂಬರ್ ೨೦೨೪

ಸುನಂದಾ,

ಎರಡು ಸಲ ಓದಿದೆ. ಮೊದಲ ಸಲ ಗೆಳತಿಯ ಪುಸ್ತಕವೆಂದು ಓದಿದೆ. ಎರಡನೆಯ ಸಲ, ಇದರಲ್ಲಿ ನನ್ನ ತಾಯಿ ಎಷ್ಟಿದ್ದಾಳೆ ಎಂದು ನೋಡಲು ಓದಿದೆ.

ಅಣೆಕಟ್ಟಿಗಾಗಿ ಸೂಪಾ ಊರು ಖಾಲಿ ಮಾಡುವ ದಿನ ಎಲ್ಲರೂ ಲಾರಿ ಹತ್ತುತ್ತಾರೆ. ಹದಿನೆಂಟರ ಹುಡುಗಿಯೊಬ್ಬಳು ಇಳಿದು ಓಡಿ, ಖಾಲಿ ಮನೆಗೆ ವಾಪಸ್ ಹೋಗಿ ಕೂರುತ್ತಾಳೆ. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಬಡಗಿ ಹುಡುಗ ಬಂದು ಕರೆದೊಯ್ಯುತ್ತೇನೆ ಎಂದಿರುತ್ತಾನೆ. ಬರುವುದಿಲ್ಲ. ಹೆಸರನ್ನೇನೋ ಬದಲಿಸಿದ್ದೀಯ. ಆದರೆ ಸಿಟ್ಟು ಬಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ತಿಕ್ಕಲು ಕೂರುವವಳು ಯಾರೆಂದು ಜೊಯಿಡಾದಲ್ಲಿ ಯಾರಿಗೆ ಗೊತ್ತಿಲ್ಲ? ತಾಲೂಕು ಕಚೇರಿಗೆ ಬಂದವರೆಲ್ಲ ನಮ್ಮಲ್ಲೇ ಉಂಡು ಹೋಗುತ್ತಾರೆ. ನಾಳೆ ಅವರು ಅನ್ನ ಬಡಿಸಿಕೊಳ್ಳುತ್ತ ಅವಳ ಮುಖ ನೋಡುತ್ತಾರಲ್ಲ, ಅದನ್ನು ನೀನು ಬರೆಯುವಾಗ ಯೋಚಿಸಿದೆಯಾ?

ನನಗೆ ಈ ಸಂಗತಿಯೇ ಗೊತ್ತಿರಲಿಲ್ಲ, ಸುನಂದಾ. ನನ್ನ ತಾಯಿ ಒಬ್ಬನಿಗಾಗಿ ಕಾದಿದ್ದಳೆಂದು ನಾನು ಅಚ್ಚಾದ ಪುಸ್ತಕದಿಂದ ತಿಳಿದುಕೊಂಡೆ.

ಅವಳು ‘ಬರೆ’ ಅಂದಳೆಂದು ಮೊದಲ ಪುಟದಲ್ಲೇ ಸಾಕ್ಷಿ ಹಾಕಿಕೊಂಡಿದ್ದೀಯ. ಯಾವತ್ತು ಅಂದಳು? ಹೇಗೆ ಅಂದಳು? ಅವಳ ಪ್ರತಿಯನ್ನು ನಾನಿನ್ನೂ ಅವಳಿಗೆ ಕೊಟ್ಟಿಲ್ಲ, ಕಪಾಟಿನ ಮೇಲಿಟ್ಟಿದ್ದೇನೆ. ಕನ್ನಡ ಮಾತಾಡುತ್ತಾಳೆ ಹೊರತು ಓದಲು ಅವಳಿಗೆ ಬಾರದು, ಅದು ನಿನಗೂ ಗೊತ್ತು.

ದಾಂಡೇಲಿಗೆ ನಾನು ಬರುವುದಿಲ್ಲ. ಬೇರೆಯವರನ್ನು ನೋಡಿಕೋ.

ಸ್ವಪ್ನಾ


ಹಳಿಯಾಳ
೨೪ ನವೆಂಬರ್ ೨೦೨೪

ಸ್ವಪ್ನಾ,

ಮುಂಡಗೋಡ ಸ್ಟ್ಯಾಂಡಿನಲ್ಲಿ ನಿನ್ನ ಪತ್ರ ಓದಿ, ಇಳಿಯುವವರಿಗೆ ಟಿಕೆಟ್ ಕೇಳುತ್ತ ನಿಂತೆ. ಅಷ್ಟು ತಲೆ ಕೆಟ್ಟಿತ್ತು. ನೀನು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ, ಕೇಳು.

ಅಂದು ಆಯಿ ಬಡಗಿಯ ಕಥೆ ಪೂರ್ತಿ ಹೇಳಿ ಮುಗಿಸಿದ್ದಳು. ನಾನು ಅತ್ತಿದ್ದೆ, ಅವಳು ಅಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು. ನಾನು ಕೈ ತೊಳೆದು ಬಂದು ಅವಳ ಎದುರು ನಿಂತು ಕೇಳಿದೆ, “ಆಯಿ, ಇದನ್ನ ನಾ ಕಥಿ ಮಾಡಿ ಬರೀಲೇನ? ನಿನಗ ಬ್ಯಾಡ ಅನಸಿದ್ರ ಬಿಡ್ತೇನಿ.” ಹೊರಗೆ ಬಸಲಿಂಗಯ್ಯ ಹಾರ್ನು ಹೊಡೆಯುತ್ತಿದ್ದ. ಆಯಿ ನನ್ನ ಬೆನ್ನು ತಟ್ಟಿ, “ಬರೆ, ಬರೆ” ಅಂದಳು. ಒಂದು ಸಲವಲ್ಲ, ಎರಡು ಸಲ.

ನಮ್ಮ ಕಡೆ ‘ಬರಿ’ ಅನ್ನುತ್ತೇವೆ. ಆಯಿ ನನಗಾಗಿ ಪುಸ್ತಕದ ಕನ್ನಡದಲ್ಲಿ ‘ಬರೆ’ ಅಂದಳಲ್ಲ ಎಂದು ನಾನು ಎಷ್ಟು ಹಿಗ್ಗಿದೆನೆಂದರೆ, ಗಣೇಶಗುಡಿ ಬರುವಷ್ಟರಲ್ಲಿ ಟಿಕೆಟ್ ರೋಲಿನ ಹಿಂದೆ ಮೊದಲ ಸಾಲು ಬರೆದಾಗಿತ್ತು. ಆ ಒಂದು ಮಾತಿನ ಮೇಲೆ ಇಡೀ ಪುಸ್ತಕ ನಿಂತಿದೆ. ಕದ್ದು ಬರೆದಿಲ್ಲ ಸ್ವಪ್ನಾ, ಕೇಳಿ ಬರೆದೆ.

ಬಡಗಿಯ ಸಂಗತಿ ನಿನಗೆ ಹೇಳದೆ ಇದ್ದದ್ದು ಆಯಿಯ ಮಾತಿಗೆ. “ಸ್ವಪ್ನಾಗ ನಾನ ಹೇಳ್ತೇನಿ” ಅಂದಿದ್ದಳು. ಹೇಳಿದ್ದಾಳೆ ಎಂದೇ ತಿಳಿದಿದ್ದೆ. ಆಯಿಯನ್ನೇ ಕೇಳಿ ನೋಡು.

ಸುನಂದಾ


ಜೊಯಿಡಾ
೨ ಡಿಸೆಂಬರ್ ೨೦೨೪

ಸುನಂದಾ,

ನಿನ್ನ ಪತ್ರ ಓದಿ ಸ್ಟಾಫ್ ರೂಮಿನಲ್ಲಿ ನಕ್ಕೆ. ಎದುರಿಗಿದ್ದ ಗಣಿತದ ಟೀಚರು ಹೆದರಿದರು. ಆಮೇಲೆ ಅಳು ಬಂತು, ಆಗ ಎದ್ದು ಹೊರಗೆ ಹೋದರು.

ಅದು ‘ಬರೆ’ ಅಲ್ಲ ಮಾರಾಯ್ತಿ, ‘ಬರೆಂ’. ನಮ್ಮ ಕೊಂಕಣಿಯಲ್ಲಿ ‘ಒಳ್ಳೆಯದು’ ಅನ್ನುವ ಮಾತು. ‘ಆಯ್ತು’ ಅನ್ನಲೂ ಅದೇ, ‘ಸರಿ, ಹೊರಡು’ ಅನ್ನಲೂ ಅದೇ. ಹಾಲಿನವನು ನಾಳೆ ಬರಲ್ಲ ಅಂದರೆ ಬರೆಂ. ನೆಂಟರು ಎದ್ದು ನಿಂತರೆ ಬರೆಂ. ಎದುರಿನವರ ಮಾತು ಕೇಳಿಸಿಕೊಳ್ಳದಿದ್ದಾಗಲೂ ಬರೆಂ. ಆ ಕೊನೆಯ ಸೊಲ್ಲು ಮೂಗಿನಲ್ಲಿ ಹೋಗುತ್ತದೆ, ಹಾರ್ನಿನ ಗದ್ದಲದಲ್ಲಿ ನಿನ್ನ ಕಿವಿಗೆ ಅರ್ಧವೇ ಬಿದ್ದಿದೆ.

ಆಯಿಯನ್ನು ಸುತ್ತುಬಳಸಿ ಕೇಳಿದೆ. “ಹೌದು, ಸುನಂದಾ ಅವತ್ತು ಏನೋ ಕೇಳಿದಳು. ಬಸ್ಸು ಹೊರಟಿತ್ತು. ಬರೆಂ ಬರೆಂ ಅಂದು ಕಳಿಸಿದೆ” ಅಂದಳು. ಇಷ್ಟೇ ಕಥೆ. ನಿನ್ನ ಅರ್ಪಣೆಯ ಪುಟದಲ್ಲಿ ಅಚ್ಚಾಗಿರುವುದು ನಮ್ಮ ಮನೆಯ ‘ಆಯ್ತು, ನಡಿ’.

ಇಷ್ಟು ವರ್ಷ ನಮ್ಮಲ್ಲಿ ಉಂಡೆ, ಈ ಒಂದು ಮಾತು ನಿನ್ನ ಕಿವಿಗೆ ಬೀಳಲಿಲ್ಲವೇ?

ನನ್ನ ಸಿಟ್ಟು ಇಳಿದಿಲ್ಲ. ಅದು ಪುಸ್ತಕದ ಮೇಲೆ ಅಂದುಕೊಂಡಿದ್ದೆ. ಅಲ್ಲ. ನನಗೆ ಹೇಳದೆ ಇದ್ದದ್ದನ್ನು ಅವಳು ನಿನಗೆ ಹೇಳಿದಳು. ಅದು ನನ್ನ ಹೊಟ್ಟೆ ಉರಿಸುತ್ತಿದೆ. ಬರೆದುಬಿಟ್ಟೆ, ಇನ್ನು ನೀನು ಏನು ಬೇಕಾದರೂ ಅಂದುಕೋ.

ಸ್ವಪ್ನಾ


ಹಳಿಯಾಳ
೭ ಡಿಸೆಂಬರ್ ೨೦೨೪

ಸ್ವಪ್ನಾ,

ಕಿವಿಗೆ ಬೀಳಲಿಲ್ಲವೇ ಅಂದೆಯಲ್ಲ, ದಿನಾ ಬೀಳುತ್ತಿತ್ತು. ನಾನು ಹೊರಟಾಗಲೆಲ್ಲ ಆಯಿ ಅದನ್ನೇ ಅನ್ನುತ್ತಿದ್ದಳು. ನಾನದನ್ನು ‘ಬರ್ರಿ’ ಎಂದು ಕೇಳಿಸಿಕೊಂಡಿದ್ದೆ. ಪಾಪ, ದಿನಾ ಬರುವವಳಿಗೂ ಎಷ್ಟು ಮರ್ಯಾದೆಯಿಂದ ಮತ್ತೆ ಬರ್ರಿ ಅನ್ನುತ್ತಾಳೆ ಎಂದುಕೊಂಡು, “ಬರ್ತೇನಿ ಆಯಿ” ಎಂದು ಉತ್ತರ ಬೇರೆ ಕೊಡುತ್ತಿದ್ದೆ. ಅವ್ವನಿಗೆ ಹೇಳಿದರೆ, “ಕಂಡಕ್ಟರ್ ಕಿವಿ ಅದು, ಸ್ಟಾಪಿನ ಹೆಸರ ಅಷ್ಟ ಕೇಳತೈತಿ” ಅಂದಳು.

ನಗು ಇಷ್ಟಕ್ಕೇ ಸಾಕು. ಆಯಿ ನನಗೆ ‘ಬರೆ’ ಅನ್ನಲಿಲ್ಲ ಎಂದರೆ ಈ ಪುಸ್ತಕ ನನ್ನದಲ್ಲ. ಧಾರವಾಡದ ಪ್ರಕಾಶಕರು ವೀರೇಶ ಸರ್‌ಗೆ ಫೋನು ಮಾಡಿ, ಉಳಿದ ಪ್ರತಿಗಳನ್ನು ಸದ್ಯಕ್ಕೆ ಅಂಗಡಿಗೆ ಕಳಿಸಬೇಡಿ ಅಂದೆ. ಎರಡನೆಯ ಮುದ್ರಣದ ಮಾತು ಆಗಲೇ ಎದ್ದಿತ್ತು, ಅದನ್ನೂ ತಡೆದೆ. ಅವರು ಗಾಬರಿಯಾದರು. ನಾನು ಫೋನಿಟ್ಟು ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ.

ಒಂದೇ ಒಂದು ಕೇಳುತ್ತೇನೆ. ಕಪಾಟಿನ ಮೇಲಿಂದ ಆ ಪುಸ್ತಕ ಇಳಿಸು. ಆಯಿಗೆ ಓದಿ ಹೇಳು, ಪೂರ್ತಿ. ಆಮೇಲೆ ಕೇಳು. ಬೇಡ ಅಂದರೆ ದಾಂಡೇಲಿಯಲ್ಲಿ ಮಾತುಕತೆ ಇಲ್ಲ, ಪುಸ್ತಕವೂ ಇಲ್ಲ. ಇದು ನಾನು ನಿನಗೆ ಕೊಡುವ ಮಾತು.

ನಿನ್ನ ಹೊಟ್ಟೆಯುರಿಯ ಬಗ್ಗೆ ನಾನು ಏನೂ ಅಂದುಕೊಳ್ಳಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಪುಸ್ತಕವನ್ನು ಒಲೆಗೆ ಹಾಕುತ್ತಿದ್ದೆ.

ಕಾಯುತ್ತಿರುವ,
ಸುನಂದಾ


ಜೊಯಿಡಾ
೩೦ ಡಿಸೆಂಬರ್ ೨೦೨೪

ಸುನಂದಾ,

ನಿನ್ನನ್ನು ಇಷ್ಟು ದಿನ ಕಾಯಿಸಿದ್ದು ಬೇಕೆಂದೇ ಅಲ್ಲ. ಶಾಲೆ ಬಿಟ್ಟು ಬಂದ ಮೇಲೆ ದಿನವೂ ಆಯಿಗೆ ಓದುತ್ತಿದ್ದೇನೆ. ಒಂದು ಪುಟ ಕನ್ನಡ, ಅದರ ಬೆನ್ನಿಗೆ ಕೊಂಕಣಿ. ಅವಳು ಎದುರಿಗೆ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತ ಕೇಳುತ್ತಾಳೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಲು ಹಿಡಿದರೆ ಕಥೆಯಲ್ಲಿ ಮುಳುಗಿದ್ದಾಳೆ ಎಂದು ತಿಳಿಯುತ್ತೇನೆ.

ಬಡಗಿಯೊಂದಿಗಿನ ಪ್ರೀತಿಯ ಪುಟ ಬಂದಾಗ ನಾನು ಎರಡು ಹಾಳೆ ಒಟ್ಟಿಗೆ ಮಗುಚಿದೆ. ಮಗಳು ತಾಯಿಗೆ ಅದನ್ನು ಹೇಗೆ ಓದಬೇಕು, ನೀನೇ ಹೇಳು. ಆಯಿ ಮೊರದಿಂದ ತಲೆ ಎತ್ತದೆ, “ಹಿಂದೆ ಹೋಗು. ಅವನನ್ನು ಎಲ್ಲಿ ಬಿಟ್ಟೆ?” ಅಂದಳು. (ಅವಳ ಕೊಂಕಣಿಯನ್ನು ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನಿನ್ನ ಕಿವಿಯನ್ನು ಇನ್ನು ನಂಬುವ ಹಾಗಿಲ್ಲ.) ಹಿಂದೆ ಹೋಗಿ ಓದಿದೆ. ಕಿವಿ ಬಿಸಿಯಾಗಿತ್ತು, ನನ್ನದು. ಅವಳು ಕಿಲಕಿಲ ನಕ್ಕಳು. “ಅವನಿಗೆ ಮೀಸೆ ಯಾರು ಬರೆದರು? ಗಡ್ಡವೇ ಇನ್ನೂ ಮೊಳೆತಿರಲಿಲ್ಲ ಅವನಿಗೆ” ಅಂದಳು. ಖಾಲಿ ಮನೆಯಲ್ಲಿ ಹುಡುಗಿ ಅಳುವ ಕಡೆ ನನ್ನನ್ನು ತಡೆದಳು. “ಅಳಲಿಲ್ಲ. ಹಸಿವಾಗಿತ್ತು. ಹಿತ್ತಲಲ್ಲಿ ಉಳಿದಿದ್ದ ಗೆಣಸು ಕಿತ್ತು ಸುಟ್ಟು ತಿಂದೆ. ಅವನು ಬಂದರೆ ಅವನಿಗೂ ಇರಲಿ ಎಂದು ಎರಡು ತೆಗೆದಿಟ್ಟಿದ್ದೆ. ಆಮೇಲೆ ಅವನ್ನೂ ತಿಂದೆ.”

ಸುನಂದಾ, ನಾವಿಬ್ಬರೂ ಅಷ್ಟು ನಕ್ಕದ್ದು ಯಾವಾಗಲೋ. ನಗುತ್ತಲೇ ಕೇಳಿಬಿಟ್ಟೆ, ನನಗೇಕೆ ಹೇಳಲಿಲ್ಲ ಎಂದು. “ನೀನು ಯಾವತ್ತು ಕೇಳಿದೆ? ಬಂದ ಕೂಡಲೇ ಊಟಕ್ಕೇನಿದೆ ಅನ್ನುತ್ತಿದ್ದೆ. ಸುನಂದಾ ಉಂಡಾದ ಮೇಲೆ ಆಮೇಲೇನಾಯಿತು ಅನ್ನುತ್ತಿದ್ದಳು” ಅಂದಳು. ಆ ಮಾತು ಚುಚ್ಚಿತು. ಈಗ ನಾನೂ ದಿನಾ ಆಮೇಲೇನಾಯಿತು ಅನ್ನುತ್ತಿದ್ದೇನೆ. ನಿನ್ನ ಪುಸ್ತಕದಲ್ಲಿ ಇಲ್ಲದಷ್ಟು ನನ್ನ ಬಳಿ ಇದೆ ಈಗ, ಕೊಡುವುದಿಲ್ಲ.

ಕೊನೆಯ ಅಧ್ಯಾಯ ಉಳಿದಿದೆ. ಅದನ್ನು ನನ್ನ ಬಾಯಿಂದ ಬೇಡವಂತೆ, ಬರೆದವಳೇ ಓದಬೇಕಂತೆ. ಪುಸ್ತಕ ಇರಲೋ ಬೇಡವೋ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ‘ಬರೆಂ’ ಅಂದಳು. ಕೊಂಕಣಿ ನನ್ನ ತಾಯಿಭಾಷೆ, ಆದರೂ ಯಾವ ಅರ್ಥದ ಬರೆಂ ಎಂದು ನನಗೂ ತಿಳಿಯಲಿಲ್ಲ.

ಅದಕ್ಕೆ ಅವಳನ್ನೇ ದಾಂಡೇಲಿಗೆ ಕರೆತರುತ್ತೇನೆ. ಎರಡನೆಯ ಕುರ್ಚಿಯಲ್ಲಿ ನಾನು ಕೂರುತ್ತೇನೆ. ನನ್ನ ಮೊದಲ ಪ್ರಶ್ನೆ ಈಗಲೇ ಹೇಳಿರುತ್ತೇನೆ, ಮರೆಮಾಚಿ ಕೇಳಿದೆ ಅನ್ನಬೇಡ: ನಿಮಗೆ ಬರೆಯಲು ಯಾರು ಹೇಳಿದರು? ನೂರು ಜನರ ಮುಂದೆ ನಿಜ ಹೇಳಬೇಕು.

ಸ್ವಪ್ನಾ


ಹಳಿಯಾಳ
೮ ಜನವರಿ ೨೦೨೫

ಸ್ವಪ್ನಾ,

ಹೇಳುತ್ತೇನೆ. ಮಾನ ಹೋದರೂ ಹೇಳುತ್ತೇನೆ.

ಭಾನುವಾರದ ಡ್ಯೂಟಿ ಗೂಳಪ್ಪ ವಹಿಸಿಕೊಂಡಿದ್ದಾನೆ. ಅವ್ವ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ, ಸೆರಗು ಹೊದ್ದು ನಿಂತರೆ ಚಿಲ್ಲರೆ ಚೀಲ ಮರೆತು ಬಂದವಳಂತೆ ಹೆಗಲು ಹಗುರಾಗುತ್ತದೆ. ರುದ್ರೇಶ ಸರ್ ಇನ್ನೂರು ಕುರ್ಚಿ ಹಾಕಿಸುತ್ತಾರಂತೆ. ನೀನು ನೂರು ಅಂದಿದ್ದೆ. ಆದರೂ ಒಳಗೊಳಗೇ ಕುಣಿಯುವಂತಾಗುತ್ತಿದೆ. ನೀನು ಬರುತ್ತೀ. ಆಯಿ ಬರುತ್ತಾಳೆ. ಅವಳು ಏನೇ ಅನ್ನಲಿ, ಪುಸ್ತಕ ಮಾರುವ ಮೇಜಿನ ಪಕ್ಕ ಖಾಲಿ ಚೀಲ ಇಟ್ಟಿರುತ್ತೇನೆ. ಬೇಡ ಅಂದರೆ ಅಲ್ಲೇ ತುಂಬಿಕೊಂಡು ಬರುತ್ತೇನೆ.

ಆಯಿಗೆ ಘಾಟಿನಲ್ಲಿ ಹೊಟ್ಟೆ ತೊಳಸುತ್ತದೆ, ಮುಂದಿನ ಸೀಟು ಹಿಡಿ. ಬಸಲಿಂಗಯ್ಯನಿಗೆ ಹೇಳಿದ್ದೇನೆ.

ಸುನಂದಾ


ಹಳಿಯಾಳ
೧೩ ಜನವರಿ ೨೦೨೫

ವೀರೇಶ ಸರ್ ಅವರಿಗೆ ನಮಸ್ಕಾರಗಳು.

ನಿನ್ನೆ ದಾಂಡೇಲಿಯಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಲು ಹೋಗಿ ಎರಡು ಸಲ ಅರ್ಧಕ್ಕೇ ಇಟ್ಟುಬಿಟ್ಟೆ. ನೀವು ‘ಬರೆದು ಕಳಿಸಿರಿ’ ಅಂದಿರಿ. ಅದಕ್ಕೇ ಈ ಪತ್ರ.

ಸಭಾಂಗಣ ತುಂಬಿ ಬಾಗಿಲಲ್ಲೂ ಜನ ನಿಂತಿದ್ದರು. ಆಯಿ ಮೊದಲ ಸಾಲಿನಲ್ಲಿ, ಅವಳ ಪಕ್ಕ ನಮ್ಮ ಅವ್ವ. ಸ್ವಪ್ನಾ ಮೈಕು ಸರಿಮಾಡಿಕೊಂಡು ಮೊದಲ ಪ್ರಶ್ನೆ ಕೇಳಿದಳು, “ನಿಮಗೆ ಬರೆಯಲು ಯಾರು ಹೇಳಿದರು?” ಕಾಲೇಜಿನಿಂದ ‘ಲೇ’ ಅಂದವಳು ಬಹುವಚನದಲ್ಲಿ ಕರೆದಾಗ ನನಗೆ ಅರ್ಧ ಧೈರ್ಯ ಹೋಯಿತು. ಆದರೂ ಎಲ್ಲ ಹೇಳಿದೆ. ಖಾನಾವಳಿ, ಹಾರ್ನು, ‘ಬರೆ ಬರೆ’, ಎಲ್ಲವನ್ನೂ. ‘ಬರೆಂ’ ಎಂಬ ಮಾತು ನನ್ನ ಬಾಯಿಂದ ಬಂದದ್ದೇ ತಡ, ಜೊಯಿಡಾದಿಂದ ಬಂದಿದ್ದವರು ಹೋ ಎಂದು ನಕ್ಕರು. ಹಳಿಯಾಳದವರಿಗೆ ಪಕ್ಕದವರು ಬಿಡಿಸಿ ಹೇಳಬೇಕಾಯಿತು, ಅವರು ಆಮೇಲೆ ನಕ್ಕರು.

ನಗು ನಿಂತ ಮೇಲೆ ರುದ್ರೇಶ ಸರ್ ಎದ್ದು, “ಹಂಗಾದ್ರ ನಿಮಗ ಅವರ ಒಪ್ಪಿಗಿ ಇರಲೇ ಇಲ್ಲ ಅಂದಂಗಾತಲ್ರಿ?” ಅಂದರು.

“ಇಲ್ರಿ” ಅಂದೆ. “ಆಯಿ ಇಲ್ಲೇ ಕುಂತಾಳ. ಬ್ಯಾಡ ಅಂದ್ಲಂದ್ರ ಈ ಮೇಜಿನ ಮ್ಯಾಲಿನ ಪುಸ್ತಕ ಈಗಿಂದೀಗ ಚೀಲಕ್ಕ ಹಾಕ್ತೇನಿ.”

ಎಲ್ಲರೂ ಆಯಿಯ ಕಡೆ ತಿರುಗಿದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಸರ್, ಆ ಸೆರಗು ಸಿಕ್ಕಿಸಿದ್ದು ನೋಡಿ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವಳು ಕೂತಲ್ಲಿಂದಲೇ, “ಮೊದಲ ಕಡೀದ ಓದ” ಅಂದಳು.

ಕೊನೆಯ ಅಧ್ಯಾಯ ಓದಿದೆ. ಅಪ್ಪ ಹುಡುಕಿಕೊಂಡು ಬರುವುದು, ಹುಡುಗಿ ಕೊನೆಯ ಲಾರಿ ಹತ್ತುವುದು, ಲಾರಿ ತಿರುವಿನಲ್ಲಿ ಮರೆಯಾಗುವುದು. ಮುಗಿಸಿ ಪುಸ್ತಕ ಮಡಚಿದರೆ ಆಯಿ ಇನ್ನೂ ನನ್ನನ್ನೇ ನೋಡುತ್ತಿದ್ದಾಳೆ.

“ಮುಂದ?” ಅಂದಳು.

“ಇಷ್ಟ ಆಯಿ. ಮುಗೀತು.”

“ಹೆಂಗ ಮುಗೀತು? ಲಾರಿ ಹತ್ತಿದ್ಲು ಅಂದಿ. ಹತ್ತಿದಾಕಿ ಸತ್ತಳೇನ? ಜೊಯಿಡಾದಾಗ ಇಳದ್ಲು. ಕಲ್ಲ ಹೂಡಿ ಒಲಿ ಮಾಡಿದ್ಲು. ತನಗ ಬೇಕಾದವನ್ನ ನೋಡಿ ಮದಿವಿ ಆದ್ಲು, ಅಂವ ತೀರಿಕೊಂಡ ಮ್ಯಾಲ ಖಾನಾವಳಿ ಹಾಕಿದ್ಲು. ಮಗಳನ್ನ ಕನ್ನಡ ಕಲಿಸೂ ಟೀಚರ್ ಮಾಡಿದ್ಲು. ಅದೇನೂ ಇಲ್ಲಲ್ಲ ಇದರಾಗ. ಬಾರದ ಇದ್ದವನ್ನ ಕಾದದ್ದ ಅಷ್ಟ ಬರದಿ. ನಾ ಕಾದದ್ದು ಎರಡ ದಿವಸ. ಬಾಳೇ ಮಾಡಿದ್ದು ನಲವತ್ತ ವರ್ಷ.” ಅಷ್ಟು ಹೇಳಿ ದಮ್ಮು ತೆಗೆದುಕೊಂಡಳು. ಆಮೇಲೆ ಕೊಂಕಣಿಯಲ್ಲಿ ಅಂದಳು, “ಆತಾಂ ಬರಯ್.”

ನನಗೆ ತಿಳಿಯಲಿಲ್ಲ. ಕೇಳಿದ್ದೇನೋ ಸರಿಯಾಗಿ ಕೇಳಿತ್ತು, ಆದರೆ ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸ್ವಪ್ನಾಳ ಕಡೆ ತಿರುಗಿ, “ಏನಂದ್ಲು?” ಅಂದೆ. ಅವಳು ಮೈಕು ಹಿಡಿದುಕೊಂಡೇ ಅಳುತ್ತಿದ್ದಳು. ಮೂಗು ಒರೆಸಿಕೊಂಡು, ಪುಸ್ತಕದ ಕನ್ನಡ ಬಿಟ್ಟು ನಮ್ಮ ಮಾತಿನಲ್ಲೇ ಹೇಳಿದಳು, “ಇನ್ನ ಬರಿ ಅಂದ್ಲು, ಲೇ. ಈ ಸಲ ನಾ ಸಾಕ್ಷಿ ಅದೇನಿ.”

ಆಮೇಲೆ ಪ್ರಶ್ನೆಗಳು ನಡೆದವು, ಮೇಜಿನ ಮೇಲಿದ್ದ ಪುಸ್ತಕಗಳೆಲ್ಲ ಹೋದವು. ಖಾಲಿ ಚೀಲದಲ್ಲಿ ಅವ್ವ ಉಳಿದ ಚುರುಮುರಿ ಕಟ್ಟಿಕೊಂಡಳು. ಆಯಿ ಹಸ್ತಾಕ್ಷರ ಹಾಕಿಕೊಡು ಎಂದು ತನ್ನ ಪ್ರತಿಯನ್ನು ನನ್ನ ಮುಂದೆ ಚಾಚಿದಳು. ನಾನು ಸಹಿ ಮಾಡಿ ಕೊಟ್ಟರೆ, ಬಡಗಿಯ ಮೀಸೆಯನ್ನೂ ಅದೇ ಪೆನ್ನಿನಿಂದ ಹೊಡೆದುಹಾಕು ಅಂದಳು. ಹೊಡೆದುಹಾಕಿದೆ.

ಆದ್ದರಿಂದ ಸರ್, ತಡೆದ ಪ್ರತಿಗಳನ್ನು ಅಂಗಡಿಗೆ ಕಳಿಸಿರಿ. ಎರಡನೆಯ ಮುದ್ರಣದಲ್ಲಿ ಮೀಸೆ ಬೇಡ, ಅಳುವ ಸಾಲು ಬೇಡ, ಅಲ್ಲಿ ಎರಡು ಸುಟ್ಟ ಗೆಣಸು ಬರುತ್ತವೆ. ಲಾರಿ ಜೊಯಿಡಾ ತಲುಪಿದ ಮೇಲಿನ ಕಥೆ ಬೇರೆಯೇ ಪುಸ್ತಕವಾಗುತ್ತದೆ. ನಿನ್ನೆ ದಾಂಡೇಲಿಯಿಂದ ಬರುವ ಬಸ್ಸಿನಲ್ಲಿ ಅದರ ಮೊದಲ ಸಾಲು ಬರೆದೆ. ಪಕ್ಕದಲ್ಲಿ ಸ್ವಪ್ನಾ ಕೂತಿದ್ದಳು, ಸಂಕ್ರಾಂತಿ ಹಬ್ಬಕ್ಕೆ ಅವಳನ್ನೂ ಆಯಿಯನ್ನೂ ನಮ್ಮ ಮನೆಗೇ ಕರೆತಂದಿದ್ದೇನೆ. ಸಾಲನ್ನು ಓದಿ, ಒಂದು ಪದ ತಿದ್ದಿ, ತನ್ನ ಬಳಿ ಇದ್ದದ್ದನ್ನೆಲ್ಲ ಹೇಳಲು ಶುರುಮಾಡಿದಳು.

ಅರ್ಪಣೆಯ ಪುಟವನ್ನು ಹೀಗೆ ಬದಲಿಸಬೇಕೆಂದು ವಿನಂತಿ. ಅಕ್ಷರ ತಪ್ಪದಂತೆ ನೋಡಿಕೊಳ್ಳಿರಿ, ಒಂದು ಸೊನ್ನೆ ಬಿಟ್ಟುಹೋದರೂ ಮತ್ತೆ ಮೊದಲಿನ ಕಥೆಯೇ ಆಗುತ್ತದೆ:

“‘ಬರೆಂ’ ಎಂದ ಗಿರಿಜಾಬಾಯಿ ಆಯಿಗೆ, ‘ಬರೆ’ ಎಂದು ಕೇಳಿಸಿಕೊಂಡವಳಿಂದ.”

ಇತಿ ತಮ್ಮ,
ಸುನಂದಾ